ಮೊಳೆ ಇಲ್ಲದ 800 ವರ್ಷದ ಬಾರ್ನ್ ನೋಡಿ ಬಂದೆ. ನಮ್ಮ ಬೇವಿನ ಕಂಬದ ದನದ ಮನೆ ಉಳಿಸಬಹುದಾ?

ಬೀಳಗಿ ಟೀಚರ್ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಬೀಳಗಿ ತಾಲೂಕಿನವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಎರಡು ವರ್ಷದ ಹಿಂದೆ ನಿವೃತ್ತಿ ಆಯಿತು. ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಲ್ಲಿ ನೋಡಿದ ಒಂದು ಕಟ್ಟಡ ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ತವರಿನಲ್ಲಿ ಒಂದು ಕಟ್ಟಡ ಬೀಳಿಸುವ ಮಾತು ನಡೆದಿದೆ. ಎರಡನ್ನೂ ಸೇರಿಸಿ ಕೇಳುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಗಳ ಮನೆ ಎಸೆಕ್ಸ್‌ನಲ್ಲಿ, ಲಂಡನ್‌ನಿಂದ ಈಶಾನ್ಯಕ್ಕೆ. ಕೂಸಿಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಅಳಿಯ ನಮ್ಮನ್ನೆಲ್ಲ ಕ್ರೆಸ್ಸಿಂಗ್ ಟೆಂಪಲ್‌ಗೆ ಕರೆದುಕೊಂಡು ಹೋದರು. ಹೆಸರಿನಲ್ಲಿ ಟೆಂಪಲ್ ಇದ್ದರೂ ಅದು ಗುಡಿ ಅಲ್ಲ. ಟೆಂಪ್ಲರ್ ಅನ್ನುವ ಯೋಧ ಸನ್ಯಾಸಿಗಳ ಜಮೀನು. 1137ರಲ್ಲಿ ರಾಣಿ ಮಟಿಲ್ಡಾ ಅವರಿಗೆ ದಾನ ಕೊಟ್ಟದ್ದು. ಅಲ್ಲಿ ಎರಡು ಬಾರ್ನ್ (ಒಕ್ಕಲುತನದ ದೊಡ್ಡ ಕಟ್ಟಿಗೆ ಕಟ್ಟಡ) ಇನ್ನೂ ನಿಂತಿವೆ. ಜವೆಗೋದಿ ಬಾರ್ನ್‌ನ ಮರಗಳನ್ನು 1205ರಿಂದ 1235ರ ನಡುವೆ ಕಡಿದದ್ದಂತೆ. ಗೋದಿ ಬಾರ್ನ್‌ನವು 1257ರಿಂದ 1280ರ ನಡುವೆ. ನಮ್ಮ ಬೆಳಗಾವಿ ಕೋಟೆಯ ಕಮಲ ಬಸದಿ 1204ರದು. ಬಸದಿ ಕಲ್ಲಿನದು, ಉಳಿದಿದೆ ಅಂದರೆ ನಂಬಬಹುದು. ಅದೇ ಕಾಲದ ಕಟ್ಟಿಗೆ ಕಟ್ಟಡ, ಅದೂ ರಾಜರದ್ದಲ್ಲ, ಕಾಳುಕಡಿ ಇಡುವಂಥದ್ದು, ಮಳೆ ಬಿಡದೆ ಸುರಿಯುವ ದೇಶದಲ್ಲಿ ಉಳಿದಿದೆ!

ಒಳಗೆ ಹೋದ ತಕ್ಷಣ ಕೂಸು ಅಳುವುದನ್ನು ನಿಲ್ಲಿಸಿತು. ಅಷ್ಟು ತಂಪು, ಅಷ್ಟು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನಡುವೆ ಎತ್ತರದ ಅಂಕಣಗಳು, ಎರಡೂ ಬದಿಗೆ ತಗ್ಗಾದ ಸೂರಿನ ಪಡಸಾಲೆ. ಎರಡು ಸಾಲು ಓಕ್ ಕಂಬ. ಕಂಬದಿಂದ ತೊಲೆಗೆ ಓರೆಯಾಗಿ ಆನಿಸಿದ ಕಟ್ಟಿಗೆಗಳು, ಅವುಗಳ ಮೇಲೆ ಮತ್ತೆ ತೊಲೆ, ಮತ್ತೆ ಓರೆ ಕಟ್ಟಿಗೆ. ಮೇಲೆ ನೋಡಿ ನೋಡಿ ನನಗೆ ಕುತ್ತಿಗೆ ನೋವು ಬಂತು. ಒಂದು ಕೀಲಿನ ಹತ್ತಿರ ಹೋಗಿ ಕೈ ಇಟ್ಟೆ. ಹೆಬ್ಬೆರಳು ಗಾತ್ರದ ಕಟ್ಟಿಗೆ ಗೂಟದ ತಲೆ ಒಂದು ಇಂಚು ಹೊರಗೆ ಚಾಚಿಕೊಂಡಿತ್ತು. ದುಂಡಗಿರಲಿಲ್ಲ, ಕತ್ತಿಯಿಂದ ಸೀಳಿ ಮೂಲೆ ಮೂಲೆಯಾಗಿ ಕೆತ್ತಿದ ಹಾಗಿತ್ತು. ಬೆರಳಿಗೆ ಆ ಮೂಲೆಗಳು ಸಿಕ್ಕವು. ಇಡೀ ಚೌಕಟ್ಟು ಇಂಥ ಗೂಟಗಳ ಮೇಲೆಯೇ ನಿಂತಿದೆ, ಕಬ್ಬಿಣದ ಮೊಳೆಯ ಮೇಲಲ್ಲ ಅಂತ ಅಳಿಯ ಹೇಳಿದರು.

ಈಗ ನಮ್ಮ ಕಥೆ. ಆಲಮಟ್ಟಿ ಹಿನ್ನೀರು ಬಂದಾಗ ನನ್ನ ತವರೂರು ಮುಳುಗಡೆ ಆಯಿತು. ಅಪ್ಪ ಮನೆ ಬಿಟ್ಟು ಬರುವಾಗ ಬಡಿಗರನ್ನು ಕರೆಸಿ ಕಂಬ, ತೊಲೆ, ಜಂತಿ ಎಲ್ಲ ಬಿಚ್ಚಿಸಿದರು. ಪ್ರತಿಯೊಂದಕ್ಕೂ ಗೇರುವಿನಿಂದ, ಅಂದರೆ ಕೆಮ್ಮಣ್ಣಿನಿಂದ, ನಂಬರ್ ಹಾಕಿ ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ತಂದರು. ಹೊಸ ಪ್ಲಾಟಿನಲ್ಲಿ ಅಷ್ಟು ದೊಡ್ಡ ಮನೆಗೆ ಜಾಗ ಇರಲಿಲ್ಲ. ಹಾಗಾಗಿ ಆ ಕಟ್ಟಿಗೆಯಲ್ಲಿ ದನದ ಮನೆ ಕಟ್ಟಿಸಿದರು. ಎರಡು ಸಾಲಿನಲ್ಲಿ ಆರು ಬೇವಿನ ಕಂಬ, ಗೋಡೆ ಸೇರಿಸಿ ನಾಲ್ಕು ಅಂಕಣ, ಮೇಲೆ ಮಣ್ಣಿನ ಮಾಳಿಗೆ. ಒಂದು ಕಾಲಕ್ಕೆ ಆರು ಎತ್ತು, ನಾಲ್ಕು ಎಮ್ಮೆ ಇದ್ದವು. ಈಗ ಒಂದೇ ಎಮ್ಮೆ ಇದೆ. ಎರಡು ಕಂಬದ ಬುಡ ಒರಲಿ ತಿಂದಿದೆ, ಒಂದು ತೊಲೆ ಬಾಗಿದೆ. ಹತ್ತು ವರ್ಷದ ಹಿಂದೆ ಗವಂಡಿ ಒಬ್ಬರು ಕಂಬ ಗಟ್ಟಿ ಆಗಲಿ ಅಂತ ಆರೂ ಕಂಬದ ಬುಡಕ್ಕೆ ಸಿಮೆಂಟ್ ಹಾಕಿದ್ದರು. ತಮ್ಮ ಈಗ ಎಲ್ಲ ತೆಗೆದು ಪತ್ರಾಸ್ (ತಗಡಿನ) ಶೆಡ್ ಹಾಕುತ್ತೇನೆ ಅನ್ನುತ್ತಾನೆ. ಹಳೇ ಕಟ್ಟಿಗೆ ತಗೊಳ್ಳುವವರು ಬಂದು ರೇಟು ಮಾತಾಡಿ ಹೋಗಿದ್ದಾರೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಆ ಓಕ್ ಮರವನ್ನು ಹಸಿ ಇದ್ದಾಗಲೇ ಕೆತ್ತಿ ನಿಲ್ಲಿಸುತ್ತಿದ್ದರು ಅಂತ ಅಲ್ಲಿ ಬೋರ್ಡಿನಲ್ಲಿ ಓದಿದೆ. ಹಸಿ ಮರ ಒಣಗುವಾಗ ಸೀಳುವುದಿಲ್ಲವಾ, ಕೀಲು ಸಡಿಲ ಆಗುವುದಿಲ್ಲವಾ? ಆಮೇಲೆ ಆ ಕಡೆಯ ಹಳೇ ಬಾರ್ನ್‌ಗಳ ಚಿತ್ರದಲ್ಲಿ ಗೋಡೆ ಸಾಲಿನ ಕಂಬಗಳು ಬುಡದಲ್ಲಿ ತೆಳ್ಳಗೆ, ತಲೆಯಲ್ಲಿ ದಪ್ಪ ಕಾಣುತ್ತವೆ. ಮರವನ್ನು ತಲೆಕೆಳಗೆ ನಿಲ್ಲಿಸಿದ ಹಾಗೆ. ಯಾಕೆ? ಹಳೇ ಹಡಗಿನ ಕಟ್ಟಿಗೆ ತಂದು ಬಾರ್ನ್ ಕಟ್ಟುತ್ತಿದ್ದರು ಅಂತ ಅಳಿಯ ಯಾರದೋ ಮಾತು ಹೇಳಿದರು, ಅದು ನಿಜವಾ? ಮತ್ತೆ ಮುಖ್ಯವಾಗಿ, ಬುಡ ಹೋದ ಬೇವಿನ ಕಂಬಕ್ಕೆ ದಾರಿ ಇದೆಯಾ? ತಮ್ಮನಿಗೆ ಹೇಳಲು ನನಗೆ ಬರೀ ಅಳು ಸಾಲದು, ಲೆಕ್ಕ ಬೇಕು.

ಖಾನಾಪುರದ ಬಡಿಗ (ಬೆಳಗಾವಿ ಜಿಲ್ಲೆ)

ಟೀಚರ್ ಅಕ್ಕಾರ, ನಮಸ್ಕಾರ. ನಮ್ಮದು ಮೂರು ತಲೆಮಾರಿನ ಬಡಿಗತನ. ಓಕ್ ನಾನು ಮುಟ್ಟಿದ್ದು ಒಂದೇ ಸಲ, ಗೋವಾದಲ್ಲಿ ಒಂದು ದೊಡ್ಡ ಮನೆಯ ಬಾಗಿಲು ಕೆಲಸದಲ್ಲಿ. ಒಣಗಿದ ಓಕ್ ಉಳಿಗೆ ಮಾತು ಕೇಳುವುದಿಲ್ಲ. ಅರ್ಧ ದಿನಕ್ಕೆ ಎರಡು ಸಲ ಸಾಣೆ ಹಿಡಿಯಬೇಕಾಯಿತು. ಹಸಿ ಇದ್ದಾಗ ಕೆತ್ತಿದರು ಅಂದರೆ ನನಗೆ ಆಶ್ಚರ್ಯ ಇಲ್ಲ. ಗರಗಸದ ಮಿಲ್ಲು ಇಲ್ಲದ ಕಾಲದಲ್ಲಿ ಕೊಡಲಿ, ಬಾಚಿಯಲ್ಲಿ ಅಷ್ಟು ದಪ್ಪ ತೊಲೆ ಚೌಕ ಮಾಡಬೇಕೆಂದರೆ ಹಸಿಯೇ ಬೇಕು. ಮತ್ತೆ ಒಂದು ಅಡಿ ದಪ್ಪದ ಮರ ಪೂರ್ತಿ ಒಣಗುವ ತನಕ ಕಾಯುತ್ತಾ ಕೂತರೆ ಕಟ್ಟಡ ಕಟ್ಟಿಸುವವರ ಕಾಲ ಮುಗಿದಿರುತ್ತದೆ.

ಹಸಿ ಮರ ಸೀಳುತ್ತದೆ. ಸೀಳಲಿ. ಎಳೆಯ ಉದ್ದಕ್ಕೆ ಸೀಳಿದರೆ ಕಂಬದ ಬಲ ಸಾಮಾನ್ಯವಾಗಿ ಹೋಗುವುದಿಲ್ಲ. ಒಣಗುವಾಗ ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ತೀರಾ ಕಮ್ಮಿ. ಹಾಗಾಗಿ ಕಂಬ ಗಿಡ್ಡ ಆಗುವುದಿಲ್ಲ, ಸೂರು ಇಳಿಯುವುದಿಲ್ಲ.

ಕೀಲು ಸಡಿಲ ಆಗದ ಹಾಗೆ ಮಾಡುವ ಉಪಾಯ ನಮ್ಮಲ್ಲೂ ಇದೆ. ಒಂದು ಕಟ್ಟಿಗೆಗೆ ನಾಲಿಗೆ, ಇನ್ನೊಂದಕ್ಕೆ ಅದು ಕೂರುವ ಕುಳಿ. ಕುಳಿಯ ಬದಿಯಿಂದ ಬೈರಿಗೆ ಹಾಕಿ ತೂತು ತೆಗೆಯುತ್ತೀರಿ. ನಾಲಿಗೆಗೆ ತೂತು ತೆಗೆಯುವಾಗ ಅದೇ ನೇರಕ್ಕೆ ತೆಗೆಯಬಾರದು. ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ), ಜಾಸ್ತಿ ಅಂದರೆ ಎರಡು ನೂಲು ಹೆಗಲ ಕಡೆ, ಅಂದರೆ ನಾಲಿಗೆಯ ಬುಡದ ಕಡೆ, ಸರಿಸಿ ತೆಗೆಯಬೇಕು. ಈಗ ಗೂಟ ಬಡಿದರೆ ಅದು ಎರಡು ತೂತಿನ ನಡುವೆ ಬಾಗಿ ಹೋಗುತ್ತದೆ, ಹೋಗುತ್ತಾ ನಾಲಿಗೆಯನ್ನು ಒಳಗೆ ಎಳೆಯುತ್ತದೆ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ದರೆ ಅರ, ಗುಂಬ ಎಲ್ಲ ಹೇಗೆ ಕಚ್ಚಿಕೊಳ್ಳುತ್ತವೆ, ಹಾಗೆ. ಗೂಟ ಮಾತ್ರ ಒಣಗಿದ ಕಟ್ಟಿಗೆಯದೇ ಆಗಬೇಕು, ಸೀಳಿ ಮಾಡಿದ್ದೇ ಆಗಬೇಕು. ಗರಗಸದಲ್ಲಿ ಕೊಯ್ದರೆ ಎಳೆ ಕತ್ತರಿಸಿ ಹೋಗುತ್ತದೆ, ಬಡಿಯುವಾಗ ಮುರಿಯುತ್ತದೆ. ನಿಮ್ಮ ಬೆರಳಿಗೆ ಸಿಕ್ಕ ಮೂಲೆಗಳು ಅದೇ. ಆ ಮೂಲೆಗಳೇ ತೂತಿನ ಗೋಡೆ ಕಚ್ಚುವುದು.

ಮೊಳೆ ಯಾಕೆ ಇಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣ. ಗೋವಾದಲ್ಲಿ ಆ ಓಕ್‌ಗೆ ಹಾಕಿದ ಕಬ್ಬಿಣದ ಸ್ಕ್ರೂ ಸುತ್ತ ಒಂದೇ ಮಳೆಗಾಲದಲ್ಲಿ ಕಪ್ಪು ಕಲೆ ಬಂತು. ನಮ್ಮ ಜಾಲಿ ತೊಗಟೆಯಲ್ಲಿ ಚರ್ಮ ಹದ ಮಾಡುವ ಒಗರು ಇದೆ ನೋಡಿ, ಓಕ್‌ನಲ್ಲೂ ಅದೇ ಒಗರು. ಹಸಿ ಇದ್ದಾಗ ಕಬ್ಬಿಣವನ್ನು ತಿಂದು ಹಾಕುತ್ತದೆ.

ನಿಮ್ಮ ಕಂಬದ ವಿಷಯಕ್ಕೆ ಬರುತ್ತೇನೆ. ಒಂದು ಸ್ಕ್ರೂಡ್ರೈವರ್ ತಗೊಂಡು ಬುಡದಿಂದ ಮೇಲಕ್ಕೆ ಗೇಣು ಗೇಣಿಗೆ ಒತ್ತಿ ನೋಡಿ. ಎಲ್ಲಿ ತನಕ ಮೆತ್ತಗೆ ಒಳಗೆ ಹೋಗುತ್ತದೆ, ಎಲ್ಲಿ ಗಟ್ಟಿ ನಿಲ್ಲುತ್ತದೆ, ಅಳತೆ ಬರೆದು ಹಾಕಿ. ನಾಲ್ಕೂ ಮುಖಕ್ಕೆ ನೋಡಬೇಕು. ಸುಮ್ನೆ ಹೊರಗಿನಿಂದ ನೋಡಿ ಹೋಯಿತು ಅನ್ನಬೇಡಿ. ಬೇವಿನ ತಿರುಳು ಕಹಿ, ಒರಲಿ ಅದನ್ನು ಅಷ್ಟು ಬೇಗ ಮುಟ್ಟುವುದಿಲ್ಲ. ಹೊರಗಿನ ಬಿಳಿ ಭಾಗ ತಿಂದು ಬಿಟ್ಟಿರುತ್ತದೆ.

ಜಮಖಂಡಿ ಗುತ್ತಿಗೆದಾರ

ಅಕ್ಕಾರ, ನಿಮ್ಮ ತಮ್ಮನ ಮಾತಿನಲ್ಲೂ ಹುರುಳಿದೆ. ನಾನು ಮನೆ ಕಟ್ಟಿಸುವ ಕೆಲಸದಲ್ಲಿ ಹದಿನೆಂಟು ವರ್ಷ ಇದ್ದೇನೆ. ಒಂದು ಎಮ್ಮೆಗೆ ನಾಲ್ಕು ಅಂಕಣ ಬೇಕಾ? ಪತ್ರಾಸ್ ಶೆಡ್ ವಾರದಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರ, ಟ್ರಸ್ಟು ಅಂತ ಹಣ ಹಾಕುವವರು ಇದ್ದಾರೆ. ನಮ್ಮಲ್ಲಿ ರೈತನೇ ಹಾಕಬೇಕು.

ಉಳಿಸುವುದೇ ಆದರೆ ಒಂದು ಮಾತು ಖಂಡಿತ ಕೇಳಿ. ಮಾಳಿಗೆ ಮಣ್ಣು ತೆಗೆಯದೆ ಯಾವ ಕಂಬವನ್ನೂ ಮುಟ್ಟಬೇಡಿ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರುತ್ತದೆ ಅಂತ ಮೇಲೆ ಹೊಸ ಮಣ್ಣು ಹಾಕುತ್ತಾ ಬಂದಿರುತ್ತಾರೆ. ಹಳೇದನ್ನು ಯಾರೂ ತೆಗೆದಿರುವುದಿಲ್ಲ. ಅರ್ಧ ಅಡಿ ಇದ್ದ ಮಣ್ಣು ಒಂದೂವರೆ ಅಡಿ ಆಗಿರುತ್ತದೆ. ತೊಲೆ ಬಾಗಿದ್ದು ಕಟ್ಟಿಗೆಯ ತಪ್ಪಲ್ಲ, ಆ ಭಾರದ ತಪ್ಪು. ಮುಧೋಳ ಕಡೆ ಒಂದು ಮನೆಯಲ್ಲಿ ಆಳುಗಳು ಮಣ್ಣು ಇಳಿಸದೆ ಕಂಬಕ್ಕೆ ಜಾಕಿ ಕೊಟ್ಟರು. ಪಕ್ಕದ ಕಂಬದ ತಲೆಯ ಮೇಲಿನ ಬೋದಿಗೆ ಕಟ್ಟಿಗೆ ಸೀಳಿ ಒಂದು ಅಂಕಣ ಪೂರ್ತಿ ಕೆಳಗೆ ಬಂತು. ಆಳುಗಳು ಊಟಕ್ಕೆ ಹೋಗಿದ್ದರು, ಪುಣ್ಯ.

ಟಿಳಕವಾಡಿ ಹುಡುಗಿ (ಬೆಳಗಾವಿ, ಈಗ ಇಂಗ್ಲೆಂಡ್)

ಟೀಚರ್, ನಿಮ್ಮ ಪ್ರಶ್ನೆ ಓದಿ ಕೆಲಸ ಬಿಟ್ಟು ಕೂತಿದ್ದೇನೆ. ನಾನು ಆರ್ಕಿಟೆಕ್ಟ್. ಇಲ್ಲಿ ಹಳೇ ಕಟ್ಟಡಗಳ ದುರಸ್ತಿ ಕಲಿಯಲು ಬಂದು ಇಲ್ಲೇ ಉಳಿದೆ. ದಿನಾ ಇಂಥ ಚೌಕಟ್ಟುಗಳ ಕೆಳಗೆ ನಿಂತು ಅಳತೆ ತೆಗೆಯುತ್ತೇನೆ.

ತಲೆಕೆಳಗಿನ ಕಂಬ ನೀವು ಗುರುತಿಸಿದ್ದು ಸರಿ. ಮರದ ಬುಡ ಬೇರಿನ ಹತ್ತಿರ ಅಗಲ ಆಗಿರುತ್ತದೆ ಅಲ್ವಾ, ಆ ಅಗಲವನ್ನು ಬೇಕೆಂದೇ ಮೇಲಕ್ಕೆ ಇಡುತ್ತಾರೆ. ಯಾಕೆಂದರೆ ಕಂಬದ ತಲೆಯಲ್ಲಿ ಮೂರು ಕಟ್ಟಿಗೆ ಒಂದೇ ಕಡೆ ಸೇರಬೇಕು: ಕಂಬ, ಗೋಡೆಯ ಉದ್ದಕ್ಕೆ ಓಡುವ ತೊಲೆ, ಮನೆಗೆ ಅಡ್ಡ ಬರುವ ತೊಲೆ. ಕಂಬದ ತಲೆಯಲ್ಲಿ ಎರಡು ನಾಲಿಗೆ ಕೆತ್ತುತ್ತಾರೆ, ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ತಗ್ಗಿನ ನಾಲಿಗೆ ಉದ್ದ ತೊಲೆಯ ಹೊಟ್ಟೆಗೆ ಹೋಗುತ್ತದೆ. ಎತ್ತರದ್ದು ಅದರ ಪಕ್ಕದಲ್ಲೇ ಮೇಲೆ ಹೋಗಿ ಅಡ್ಡ ತೊಲೆಯ ಹೊಟ್ಟೆಗೆ ಸೇರುತ್ತದೆ. ಅಡ್ಡ ತೊಲೆಯ ಕೆಳಮುಖದಲ್ಲಿ ಪಾರಿವಾಳದ ಬಾಲದ ಹಾಗೆ ಅಗಲವಾಗುತ್ತಾ ಹೋಗುವ ಖಾಚಿ ಇರುತ್ತದೆ. ಅದು ಉದ್ದ ತೊಲೆಯ ಮೇಲೆ ಕೂತರೆ ಸೂರಿನ ಭಾರಕ್ಕೆ ಗೋಡೆ ಹೊರಗೆ ವಾಲದ ಹಾಗೆ ಹಿಡಿಯುತ್ತದೆ. ಇಷ್ಟೆಲ್ಲ ಒಂದೇ ಕಂಬದ ತಲೆಯಲ್ಲಿ ಕೆತ್ತಬೇಕೆಂದರೆ ದಪ್ಪ ಬೇಕೇ ಬೇಕು. ಮೊದಲ ಸಲ ಒಂದನ್ನು ಬಿಚ್ಚಿ ನೋಡಿದಾಗ ನಾನು ಸುಮಾರು ಹೊತ್ತು ಮಾತಾಡಲಿಲ್ಲ. ಕಾಗದದ ಮೇಲೆ ಇದನ್ನು ಯೋಚಿಸುವುದೇ ಕಷ್ಟ. ಅವರು ಅದನ್ನು ಕೊಡಲಿ ಹಿಡಿದು ಯೋಚಿಸಿದ್ದಾರೆ.

ಹಡಗಿನ ಕಥೆ ಇಲ್ಲಿ ಪ್ರತಿ ಊರಿನಲ್ಲೂ ಕೇಳುತ್ತೀರಿ. ಬಹುತೇಕ ಕಡೆ ನಿಜ ಅಲ್ಲ. ಕಂಬದಲ್ಲಿ ಕೆಲಸಕ್ಕೆ ಬಾರದ ಖಾಲಿ ಕುಳಿಗಳನ್ನು ನೋಡಿ ಜನ ಹಾಗೆ ಊಹೆ ಮಾಡುತ್ತಾರೆ. ಹೆಚ್ಚಾಗಿ ಅವು ಬೇರೆ ಮನೆ, ಬೇರೆ ಬಾರ್ನ್ ಬಿಚ್ಚಿ ತಂದ ಕಟ್ಟಿಗೆ. ನಿಮ್ಮ ಅಪ್ಪ ಮಾಡಿದ ಹಾಗೆಯೇ.

ಆ ಗೇರುವಿನ ನಂಬರ್ ಓದಿದಾಗ ನನಗೆ ಮೈ ಜುಮ್ಮೆಂದಿತು. ಇಲ್ಲಿಯ ಬಡಿಗರು ಚೌಕಟ್ಟನ್ನು ಮೊದಲು ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದರು. ಸೊಟ್ಟ ಮರಕ್ಕೆ ಸೊಟ್ಟ ಮರ ಹೊಂದಿಸಿ ಕೆತ್ತುವುದರಿಂದ ಪ್ರತಿ ಕೀಲೂ ಬೇರೆ ಬೇರೆ. ಒಂದರ ನಾಲಿಗೆ ಇನ್ನೊಂದರ ಕುಳಿಗೆ ಹೊಂದುವುದಿಲ್ಲ. ಹಾಗಾಗಿ ಕೀಲಿನ ಎರಡೂ ಕಡೆ ಒಂದೇ ಗುರುತು ಉಳಿಯಿಂದ ಕೊರೆದು, ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಜಾಗದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ರೋಮನ್ ಅಂಕಿಗಳ ಹಾಗೆ ನೇರ ಗೆರೆಗಳು, ಯಾಕೆಂದರೆ ಉಳಿಯಲ್ಲಿ ದುಂಡಗಿನ ಅಂಕಿ ಕೊರೆಯುವುದು ಕಷ್ಟ. ನಾಲ್ಕಕ್ಕೆ ನಾಲ್ಕು ಗೆರೆಯನ್ನೇ ಹಾಕುತ್ತಿದ್ದರು. ಐದರ ಗುರುತಿನ ಹಿಂದೆ ಒಂದು ಗೆರೆ ಹಾಕಿದರೆ ಕಟ್ಟಿಗೆ ತಿರುಗಿಸಿದಾಗ ಆರು ಅಂತ ಕಾಣುತ್ತದೆ. ನೀವು ಗಣಿತದವರು, ನಿಮಗೆ ಇದು ಇಷ್ಟ ಆಗುತ್ತದೆ.

ಕ್ರೆಸ್ಸಿಂಗ್‌ನ ಬಾರ್ನ್‌ಗಳ ವಯಸ್ಸನ್ನು ಜನ ಗಂಭೀರವಾಗಿ ತಗೊಳ್ಳುವ ಹಾಗೆ ಮಾಡಿದವರಲ್ಲಿ ಸೆಸಿಲ್ ಹೆವೆಟ್ ಮುಖ್ಯ. ಎಸೆಕ್ಸ್‌ನವರು, ಅವರೂ ಶಾಲೆಯ ಮೇಷ್ಟ್ರು. ಕೀಲು ನೋಡಿ ಕಾಲ ಹೇಳಬಹುದು ಅಂತ ವರ್ಷಗಟ್ಟಲೆ ಒಂದೊಂದು ಕೀಲನ್ನೂ ಚಿತ್ರ ಬರೆದರು. ಆಮೇಲೆ ಮರದ ಒಳಗಿನ ವರ್ಷದ ಬಳೆಗಳನ್ನು ಎಣಿಸಿ ಹೋಲಿಸುವ ವಿಧಾನವೂ ಈ ಬಾರ್ನ್‌ಗಳು 13ನೇ ಶತಮಾನದವು ಅಂತ ಹೇಳಿತು.

ಈಗ ಸಿಮೆಂಟಿನ ವಿಷಯ. ಟೀಚರ್, ನನ್ನ ಅನುಮಾನ ಪೂರ್ತಿ ಅದರ ಮೇಲೆಯೇ. ಇಂಗ್ಲೆಂಡಿನಲ್ಲಿ 12ನೇ ಶತಮಾನದ ತನಕ ಕಂಬವನ್ನು ನೆಲದಲ್ಲಿ ಹುಗಿದು ನಿಲ್ಲಿಸುವುದೇ ರೂಢಿ. ಅಂಥ ಬಾರ್ನ್ ಒಂದೂ ಈಗ ನಿಂತಿಲ್ಲ, ಅಗೆದರೆ ಮಣ್ಣಿನಲ್ಲಿ ಕಪ್ಪು ಗುಣಿ ಮಾತ್ರ ಸಿಗುತ್ತದೆ. ಕಂಬದ ಕೆಳಗೆ ಕಲ್ಲು ಅಥವಾ ಅಡ್ಡ ಮರ ಇಟ್ಟು ನೆಲದಿಂದ ಎತ್ತಿದ ಮೇಲೆ ಕಟ್ಟಿದ್ದು ಉಳಿಯಿತು. ಗ್ರೇಟ್ ಕಾಕ್ಸ್‌ವೆಲ್ ಅಂತ ಒಂದು ಬಾರ್ನ್ ಇದೆ, ಬ್ಯೂಲಿ ಮಠದವರು ಕಟ್ಟಿಸಿದ್ದು. ಅದರ ಮರ ಕಡಿದದ್ದು 1292ರ ಸುಮಾರಿಗೆ. 152 ಅಡಿ ಉದ್ದ, 44 ಅಡಿ ಅಗಲ, 48 ಅಡಿ ಎತ್ತರ. ಅಲ್ಲಿ ಓಕ್ ಕಂಬಗಳು ಆಳೆತ್ತರದ ಕಲ್ಲಿನ ಕಟ್ಟೆಗಳ ಮೇಲೆ ನಿಂತಿವೆ. ಪಾದ ಒಣಗಿದೆ, ಅದಕ್ಕೇ ಮರ ಬದುಕಿದೆ. ನಿಮ್ಮ ಗವಂಡಿ ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ಆದರೆ ಸಿಮೆಂಟಿನ ಕೊರಳಪಟ್ಟಿ ಹಾಕಿದಾಗ ಕಂಬವನ್ನು ಮತ್ತೆ ಹುಗಿದ ಹಾಗೆಯೇ ಆಯಿತು. ದನದ ಗಂಜಲ, ತೊಳೆದ ನೀರು ಕಂಬಕ್ಕೂ ಸಿಮೆಂಟಿಗೂ ನಡುವಿನ ಬಿರುಕಿನಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ, ಒಣಗಲು ದಾರಿ ಇಲ್ಲ. ಅಷ್ಟು ತೇವ ಇದ್ದ ಕಡೆ ಒರಲಿ ಬರದೇ ಇರುತ್ತದಾ?

ದುರಸ್ತಿ ಹೇಗೆ ಅಂದರೆ, ಕೊಳೆತಷ್ಟು ಭಾಗ ಮಾತ್ರ ಕತ್ತರಿಸಿ ಅದೇ ಜಾತಿಯ ಹೊಸ ಕಟ್ಟಿಗೆಯನ್ನು ಓರೆ ಕೀಲು ಮಾಡಿ ಕೆಳಗಿನಿಂದ ಸೇರಿಸುವುದು. ಹೊಸ ತುಂಡು ಹೊಸದಾಗಿಯೇ ಕಾಣಲಿ, ಬಣ್ಣ ಬಳಿದು ಮುಚ್ಚಬೇಡಿ. ಗ್ರೇಟ್ ಕಾಕ್ಸ್‌ವೆಲ್ ಬಾರ್ನನ್ನು ತುಂಬಾ ಪ್ರೀತಿಸಿದ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಹಳೇದನ್ನು ಕಿತ್ತು ಹಳೇದರ ಹಾಗೆ ಕಾಣುವ ಹೊಸದನ್ನು ಕಟ್ಟಬೇಡಿ, ದಿನದಿನದ ಆರೈಕೆಯಿಂದ ಇರುವುದನ್ನೇ ಉಳಿಸಿ ಅನ್ನುವುದು ಅವರ ವಾದ. ಇಲ್ಲಿ ನಾವು ಈಗಲೂ ಹಾಗೆಯೇ ಕೆಲಸ ಮಾಡುತ್ತೇವೆ.

ಹೌನ್ಸ್ಲೋದಲ್ಲಿರುವ ಮುಧೋಳದವ

ಮುಂದಿನ ಸಲ ಮಗಳ ಹತ್ತಿರ ಬಂದಾಗ ಹಾರ್ಮಂಡ್ಸ್‌ವರ್ತ್ ಬಾರ್ನ್ ತಪ್ಪಿಸಬೇಡಿ ಅಕ್ಕಾ. ಹೀತ್ರೋ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. 1425ರಿಂದ 1427ರ ನಡುವೆ ವಿಂಚೆಸ್ಟರ್ ಕಾಲೇಜು ಕಟ್ಟಿಸಿದ್ದು. 192 ಅಡಿ ಉದ್ದ, ಹನ್ನೆರಡು ಅಂಕಣ. 1970ರ ದಶಕದ ತನಕ ಅಲ್ಲಿ ಒಕ್ಕಲುತನ ನಡೆಯುತ್ತಿತ್ತು. ಆಮೇಲೆ ಹಾಳು ಬಿದ್ದಿತ್ತು. ಕೊನೆಗೆ ಇಂಗ್ಲಿಷ್ ಹೆರಿಟೇಜ್ 20,000 ಪೌಂಡಿಗೆ ತಗೊಂಡಿತು. ಲಂಡನ್ನಿನಲ್ಲಿ ಆ ದುಡ್ಡಿಗೆ ಕಾರು ನಿಲ್ಲಿಸುವ ಜಾಗ ಸಿಗುವುದೂ ಕಷ್ಟ. ಒಳಗೆ ನಿಂತರೆ ಮೇಲೆ ವಿಮಾನ ಇಳಿಯುವ ಸದ್ದು, ಕೆಳಗೆ ಆರು ನೂರು ವರ್ಷದ ಕಂಬ ಕಲ್ಲಿನ ಮೇಲೆ ಅಲುಗದೆ ನಿಂತಿರುತ್ತದೆ. ಊರಿನ ನೆನಪಾದಾಗ ನಾನು ಅಲ್ಲಿಗೆ ಹೋಗುತ್ತೇನೆ. ಹೋದರೆ ನಮ್ಮಜ್ಜನ ಪಡಸಾಲೆಯಲ್ಲಿ ಕೂತ ಹಾಗೆ ಆಗುತ್ತದೆ.

ಇಂಡಿ ರೈತ (ವಿಜಯಪುರ ಜಿಲ್ಲೆ)

ಒಂದು ವಿಷಯ ಯಾರೂ ಕೇಳಲಿಲ್ಲ. ಅಷ್ಟು ದೊಡ್ಡ ಕಟ್ಟಡ ಯಾತಕ್ಕೆ? ದನಕ್ಕಾ, ಕಾಳಿಗಾ? ನಮ್ಮಲ್ಲಿ ದೇಸಾಯರ ವಾಡೆಯಲ್ಲೂ ಅಂಥದ್ದು ಕಂಡಿಲ್ಲ.

ಟಿಳಕವಾಡಿ ಹುಡುಗಿ

ಕಾಕಾ, ಅದು ಕೊಟ್ಟಿಗೆಯೂ ಅಲ್ಲ, ಕಣಜವೂ ಅಲ್ಲ. ಸೂರು ಹಾಕಿದ ಕಣ ಅನ್ನಬಹುದು. ಸುಗ್ಗಿಯಲ್ಲಿ ಗೋದಿ, ಜವೆಗೋದಿಯನ್ನು ಸಿವುಡು ಸಮೇತ ತಂದು ಅಂಕಣಗಳಲ್ಲಿ ಸೂರಿನ ತನಕ ಒಟ್ಟುತ್ತಿದ್ದರು. ನಡುವಿನ ಒಂದು ಅಂಕಣ ಖಾಲಿ. ಅದರ ಎರಡೂ ಕಡೆ ಎದುರುಬದುರು ದೊಡ್ಡ ಬಾಗಿಲು, ಹೇರಿದ ಗಾಡಿ ಒಳಗೆ ಬರುವಷ್ಟು ದೊಡ್ಡದು. ಚಳಿಗಾಲ ಪೂರ್ತಿ ಆ ನಡುವಿನ ನೆಲದ ಮೇಲೆ ಸ್ವಲ್ಪ ಸ್ವಲ್ಪವೇ ಸಿವುಡು ಹಾಸಿ, ಚರ್ಮದಿಂದ ಜೋಡಿಸಿದ ಎರಡು ಕೋಲಿನಿಂದ ಬಡಿದು ಕಾಳು ಬಿಡಿಸುತ್ತಿದ್ದರು. ಎರಡೂ ಬಾಗಿಲು ತೆರೆದರೆ ಅಡ್ಡ ಗಾಳಿ ಬರುತ್ತದೆ, ಅದರಲ್ಲಿ ತೂರಿದರೆ ಹೊಟ್ಟು ಹಾರಿ ಹೋಗುತ್ತದೆ. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕುವ ಯಂತ್ರ ಮಾಡಿದ ಮೇಲೆ ಈ ಕೆಲಸ ಕಮ್ಮಿ ಆಗುತ್ತಾ ಹೋಯಿತು. ಚಳಿಗಾಲದ ಕೂಲಿ ಹೋಯಿತು ಅಂತ 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ಯಂತ್ರಗಳನ್ನೇ ಒಡೆದು ಹಾಕಿದರು.

ಇಂಡಿ ರೈತ

ಈಗ ತಿಳಿಯಿತು ಮಗಳೇ. ನಮ್ಮ ಹಿಂಗಾರಿ ಜೋಳ ಕೊಯ್ಲಿಗೆ ಬರುವಾಗ ಆಕಾಶದಲ್ಲಿ ಮೋಡ ಇರುವುದಿಲ್ಲ. ಹೊಲದಲ್ಲೇ ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿ ಕಣ ಮಾಡುತ್ತಿದ್ದೆವು. ನಡುವೆ ಮೇಟಿ ಹುಗಿದು ಎತ್ತು ಕಟ್ಟಿ ಹಂತಿ ಹೊಡೆಯುವುದು, ರೋಣಗಲ್ಲು ಎಳೆಸುವುದು. ಗಾಳಿ ಬರದಿದ್ದರೆ ರಾತ್ರಿ ಕಣದಲ್ಲೇ ಮಲಗಿ ಕಾಯುತ್ತಿದ್ದೆವು, ಹಂತಿ ಹಾಡು ಹೇಳುತ್ತಾ. ರಾಶಿ ಮುಗಿದರೆ ಆ ಕಣ ಮತ್ತೆ ಹೊಲವೇ. ಸೂರು ಬೇಕಾಗಲೇ ಇಲ್ಲ.

ಕಾಳು ಎಲ್ಲಿ ಇಡುತ್ತಿದ್ದರು ಅಲ್ಲಿ? ನಮ್ಮದು ಹಗೇವು. ಸಣ್ಣ ಬಾಯಿ, ಒಳಗೆ ಆಳುದ್ದ ಗುಣಿ, ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ ಮುಚ್ಚುತ್ತಿದ್ದರು. ತೆಗೆದಾಗ ತಕ್ಷಣ ಇಳಿಯಬಾರದು, ಒಳಗಿನ ಕೆಟ್ಟ ಗಾಳಿಗೆ ಪ್ರಾಣ ಹೋಗುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ ಆಮೇಲೆ ಮನುಷ್ಯ ಇಳಿಯುತ್ತಿದ್ದ.

ಟಿಳಕವಾಡಿ ಹುಡುಗಿ

ಇಲ್ಲಿ ನೆಲ ಯಾವಾಗಲೂ ತೇವ ಕಾಕಾ, ಹಗೇವು ಆಗುವುದಿಲ್ಲ. ಇಲ್ಲಿಯವರು ಕಾಳನ್ನು ಮೇಲೆ ಎತ್ತಿದರು. ಸಣ್ಣ ಕಟ್ಟಿಗೆ ಕೋಣೆ, ಅದರ ಕೆಳಗೆ ನಾಯಿಕೊಡೆ ಆಕಾರದ ಕಲ್ಲುಗಳು. ಇಲಿ ಕಲ್ಲು ಹತ್ತಿದರೂ ಮೇಲಿನ ಕೊಡೆಯ ಅಂಚು ದಾಟಲು ಆಗುವುದಿಲ್ಲ.

ಬೀಳಗಿ ಟೀಚರ್

ಎಲ್ಲರೂ ಇಷ್ಟು ಬರೆದಿರಿ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿದೆ. ಜಮಖಂಡಿಯವರ ಮಾತಿಗೆ ಅವನು ತಲೆ ಆಡಿಸಿದ. ಖಾನಾಪುರದ ಅಣ್ಣಾವರ ಸ್ಕ್ರೂಡ್ರೈವರ್ ಮಾತಿಗೆ ಎದ್ದು ಹೋಗಿ ಸ್ಕ್ರೂಡ್ರೈವರ್ ತಂದ.

ಅಳತೆ ಇಲ್ಲಿದೆ. ಬಾಗಿಲ ಪಕ್ಕದ ಕಂಬ: ನೆಲದಿಂದ 14 ಇಂಚಿನ ತನಕ ಮೆತ್ತಗೆ, ಅದರ ಮೇಲೆ ನಾಲ್ಕೂ ಮುಖ ಗಟ್ಟಿ. ಗ್ವಾದಲಿ (ದನಕ್ಕೆ ಮೇವು ಹಾಕುವ ಜಾಗ) ಪಕ್ಕದ್ದು: ಮೂರು ಮುಖಕ್ಕೆ 9 ಇಂಚು, ನೀರು ಹರಿಯುವ ಕಡೆ 17 ಇಂಚು. ಉಳಿದ ನಾಲ್ಕು ಕಂಬದಲ್ಲಿ ಅರ್ಧ ಇಂಚಿಗಿಂತ ಒಳಗೆ ಹೋಗಲಿಲ್ಲ. ಕಂಬದ ಎತ್ತರ ಎಂಟು ಅಡಿ. ಅಂದರೆ ಆರು ಕಂಬದ ಒಟ್ಟು 48 ಅಡಿ ಉದ್ದದಲ್ಲಿ ಹೋಗಿರುವುದು ಮೂರು ಅಡಿಯೂ ಇಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮಾಳಿಗೆಗೆ ಗುದ್ದಲಿ ಹಾಕಿ ನೋಡಿದೆವು, ಮಣ್ಣು ಒಂದು ಅಡಿ ನಾಲ್ಕು ಇಂಚು ಇದೆ.

ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಕಟ್ಟಿಗೆಯವರಿಗೆ ಮಾತ್ರ ಯುಗಾದಿ ತನಕ ಬರಬೇಡಿ ಅಂತ ಫೋನ್ ಮಾಡಿದ.

ಖಾನಾಪುರದ ಬಡಿಗ

17 ಇಂಚು ಅಂದರೆ ಓರೆ ಕೀಲು ಸೇರಿಸಿ ಮೂರು ಅಡಿ ತುಂಡು ಸಾಕು ಅಕ್ಕಾರ. ಓರೆಯ ಉದ್ದ ಕಂಬದ ದಪ್ಪದ ಎರಡರಷ್ಟಾದರೂ ಇರಲಿ. ಒಣಗಿದ ಬೇವು ಹುಡುಕಿ, ಬಿಳಿ ಭಾಗ ಇಲ್ಲದ್ದು. ಕೆಳಗೆ ಒಂದು ಅಡಿ ಎತ್ತರದ ಕಲ್ಲು ಇಟ್ಟು ಅದರ ಮೇಲೆ ಕೂರಿಸಿ. ಕಲ್ಲಿನ ತಲೆ ಸ್ವಲ್ಪ ಉಬ್ಬಿರಲಿ, ನೀರು ನಿಲ್ಲಬಾರದು. ಆ ಕಲ್ಲಿಗೆ ಮೂರು ಅಡಿಯಲ್ಲಿ ಒಂದು ಅಡಿ ಉಳಿಯುತ್ತದೆ, ಅಂದರೆ ಕಟ್ಟಿಗೆ ಇನ್ನೂ ಕಮ್ಮಿ ಬೇಕು. ಉಳಿದ ನಾಲ್ಕು ಕಂಬದ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ ತೆಗೆಯಿರಿ, ದೊಡ್ಡ ಸುತ್ತಿಗೆ ಬೇಡ. ಬುಡ ಒಂದು ತಿಂಗಳು ಹಾಗೇ ಗಾಳಿಗೆ ಬಿಡಿ. ಮಣ್ಣು ಮೊದಲು, ಜಾಕಿ ಆಮೇಲೆ, ಗುತ್ತಿಗೆದಾರರು ಹೇಳಿದ್ದು ನೂರಕ್ಕೆ ನೂರು ಸರಿ. ದೀಪಾವಳಿ ಆದ ಮೇಲೆ ನನಗೆ ಎರಡು ದಿನ ಬಿಡುವು ಇದೆ. ಬಸ್ ಚಾರ್ಜು, ಊಟ ಕೊಡಿ, ಕೀಲು ನಾನೇ ಬಂದು ಕೆತ್ತಿ ಕೊಡುತ್ತೇನೆ.

ಜಮಖಂಡಿ ಗುತ್ತಿಗೆದಾರ

ಜಾಕಿ ನನ್ನ ಹತ್ತಿರ ನಾಲ್ಕು ಇವೆ. ತಗೊಂಡು ಹೋಗಿ, ಬಾಡಿಗೆ ಬೇಡ. ಆಧಾರ ಕೊಡುವ ದಿನ ನಾನೂ ಬರುತ್ತೇನೆ, ಒಬ್ಬರೇ ಮಾಡಬೇಡಿ.

ಬೀಳಗಿ ಟೀಚರ್

ಅಣ್ಣಾ, ಇಬ್ಬರೂ ಬನ್ನಿ. ಊಟಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ.

ನಿನ್ನೆ ಮಣ್ಣು ಇಳಿಸಲು ಶುರು ಮಾಡಿದೆವು. ಎರಡನೇ ಅಂಕಣದ ಮೂಲೆಯಲ್ಲಿ ಮಣ್ಣು ತೆಗೆದಾಗ ತೊಲೆಯ ತುದಿ ಕಂಡಿತು. ತಮ್ಮ ಬ್ಯಾಟರಿ ಹಿಡಿದ. ಗೇರು ಇನ್ನೂ ಹೋಗಿಲ್ಲ. ‘ಪ 4’ ಅಂತ ಅಪ್ಪನ ಕೈಬರಹ, ನಾಲ್ಕರ ಬಾಲ ಉದ್ದ ಎಳೆಯುವುದು ಅವರ ರೂಢಿ. ಪ ಅಂದರೆ ಪಡಸಾಲೆ. ಅವರು ಊಟ ಆದ ಮೇಲೆ ಕೂರುತ್ತಿದ್ದ ಜಾಗದ ಮೇಲಿನ ತೊಲೆ ಅದು. ತಮ್ಮ ಅದರ ಫೋಟೋ ತೆಗೆದುಕೊಂಡು ಕೆಳಗೆ ಇಳಿದ. ಸಂಜೆ ಅವನೇ ಒಂದು ಡಬ್ಬಿಯಲ್ಲಿ ಗೇರು ಕಲಸಿ ಇಟ್ಟಿದ್ದಾನೆ, ಉಳಿದ ಜಂತಿಗಳಿಗೆ ನಂಬರ್ ಹಾಕಲು.